ಮಿನಾದಲ್ಲಿ ಆಪಾಳ ಏಳು ಕಲ್ಲು

ಅರಸೀಕೆರೆ

ಇಹ್ರಾಮ್ ತೊಟ್ಟ ಮೇಲೆ ವಾದ ಮಾಡಬಾರದು ಎಂಬುದು ನನಗೆ ತಿಳಿದದ್ದು ಹಜ್‌ಗೆ ಹೊರಡಲು ಹತ್ತು ದಿನ ಇದ್ದಾಗ. ತಯಾರಿ ಶಿಬಿರದಲ್ಲಿ ನಮ್ಮ ತಂಡದ ಮೌಲ್ವಿ ಸಾಹೇಬರು ಮಾಡಬಾರದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದರು. ಅತ್ತರು ಹಚ್ಚಬಾರದು, ಉಗುರು ತೆಗೆಯಬಾರದು, ಕೂದಲು ಕೀಳಬಾರದು, ಗಂಡಸರು ಹೊಲಿದ ಬಟ್ಟೆ ತೊಡಬಾರದು. ಇವು ಯಾವುವೂ ನನಗೆ ಕಷ್ಟವೆನಿಸಲಿಲ್ಲ. ಜಗಳ, ವಾದ ಕೂಡದು ಅಂದಾಗ ಮಾತ್ರ ಎದ್ದು ನಿಂತೆ.

“ಚೌಕಾಸಿ ಮಾಡಬಹುದಾ ಹಜ್ರತ್?”

“ವ್ಯಾಪಾರ ಮಾಡಬಹುದು. ಜಗಳ ಆಡಬಾರದು.”

“ಎರಡರ ಮಧ್ಯೆ ಗೆರೆ ಎಲ್ಲಿ ಬರುತ್ತೆ?”

“ಈಗ ನೀವು ನನ್ನ ಜೊತೆ ಮಾಡ್ತಾ ಇದೀರಲ್ಲ ಬಶೀರ್ ಸಾಹೇಬ್ರೇ, ಗೆರೆ ದಾಟಿ ಆಯ್ತು,” ಅಂದರು. ಶಿಬಿರವೆಲ್ಲ ನಕ್ಕಿತು. ನಾನು ಕೂತೆ, ಆದರೆ ಉತ್ತರ ಸಿಕ್ಕಲಿಲ್ಲ.

ನನ್ನದು ಕೊಬ್ಬರಿ ವ್ಯಾಪಾರ. ಬೇರೆಯವರ ಗೋದಾಮಿನಲ್ಲಿ ಕಾಯಿ ಸುಲಿಯುತ್ತಿದ್ದವನು ನಲವತ್ತು ವರ್ಷಕ್ಕೆ ನನ್ನದೇ ಮಂಡಿ ಮಾಡಿಕೊಂಡೆ. ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತೇನೆ. ರೈತನ ಮುಖ ನೋಡಿದರೆ ಅವನು ಬಾಯಲ್ಲಿ ಕೇಳುವ ದರ ಬೇರೆ, ಮನಸ್ಸಿನಲ್ಲಿ ಇಟ್ಟುಕೊಂಡ ದರ ಬೇರೆ ಅನ್ನುವುದು ಗೊತ್ತಾಗುತ್ತದೆ. ಇಷ್ಟು ಬಂಡವಾಳದ ಮೇಲೆ ನಾನು ಎಲ್ಲಿ ಹೋದರೂ ಬದುಕಿ ಬರುತ್ತೇನೆ ಅಂದುಕೊಂಡಿದ್ದೆ.

ಜೊತೆಗೆ ಹೊರಟವಳು ನನ್ನ ಅಕ್ಕ ಖಮರುನ್ನೀಸಾ. ನಾವು ಅಕ್ಕನನ್ನು ಆಪಾ ಅನ್ನುತ್ತೇವೆ. ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ, ಅವಳಿಗೆ ಹನ್ನೆರಡು. ಬಾಣಾವರದಲ್ಲಿ ಬೀಡಿ ಕಟ್ಟಿ ನನ್ನನ್ನು ಸಾಕಿದವಳು ಅವಳೇ. ಈಗ ಭಾವ ಇಲ್ಲ, ಮೊಳಕಾಲಿನಲ್ಲಿ ಸವೆತ. ಮೆಕ್ಕಾ ಹತ್ತಿರದ ಮಿನಾದಲ್ಲಿ ಶೈತಾನನ ಕಂಬಗಳಿಗೆ ಕಲ್ಲು ಹೊಡೆಯುವಾಗ ನೂಕುನುಗ್ಗಲು ಹೆಚ್ಚು, ಕೈಲಾಗದವರ ಪರವಾಗಿ ಬೇರೆಯವರು ಹೊಡೆಯಬಹುದು ಎಂದು ಮೌಲ್ವಿ ಸಾಹೇಬರು ಹೇಳಿದ್ದೇ ತಡ, ನಾನು ತೀರ್ಮಾನ ಮಾಡಿಬಿಟ್ಟೆ.

“ನಿನ್ನ ಕಲ್ಲು ನಾನು ಹೊಡೀತೀನಿ ಆಪಾ. ನೀನು ಟೆಂಟಲ್ಲಿ ತಣ್ಣಗೆ ಕೂತಿರು.”

“ನನ್ನ ನಿಕಾಹ್‌ನಲ್ಲಿ ಒಪ್ಪಿಗೆ ಹೇಳಕ್ಕೂ ಒಬ್ಬ ವಕೀಲನ್ನ ಇಟ್ಟಿದ್ರು ಕಣೋ. ಓಟು ಹಾಕಕ್ಕೆ ಹೋದ್ರೆ ನಿನ್ನ ಭಾವ ಮನೇಲೇ ಗುರುತು ಹೇಳಿ ಕಳಿಸೋರು. ಈ ಏಳು ಕಲ್ಲು ಮಾತ್ರ ನಾನೇ ಹೊಡೀತೀನಿ. ನಿಂದು ನೀನು ನೋಡ್ಕೊ.”

ಎಷ್ಟು ಎಳೆದರೂ ಅವಳು ಒಂದು ಕಲ್ಲೂ ಇಳಿಸಲಿಲ್ಲ. ಆಪಾಳ ಕೈಯಿಂದಲೇ ಆ ಕಲ್ಲು ಬೀಳಬೇಕು, ಆಪಾ ಜೀವಂತ ಬಾಣಾವರಕ್ಕೆ ವಾಪಸು ಬರಬೇಕು. ಈ ಎರಡು ಜವಾಬ್ದಾರಿ ಹೊತ್ತು ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ. ಕಳಿಸಿಕೊಡಲು ಕಣಕಟ್ಟೆಯ ರಂಗೇಗೌಡ ಬಂದಿದ್ದ. ಅವನ ತೋಟದ ಕಾಯಿ ಇಪ್ಪತ್ತು ವರ್ಷದಿಂದ ನನಗೇ ಬರುವುದು.

“ಸಾಹೇಬ್ರೇ, ಅಲ್ಲಿ ದೆವ್ವಕ್ಕೆ ಕಲ್ಲು ಹೊಡೀತಾರಂತಲ್ಲ, ನಂದೂ ಒಂದು ಹೊಡೆದು ಬನ್ನಿ.”

“ನಿನ್ನ ದೆವ್ವ ಕಣಕಟ್ಟೇಲಿ ಐತಲ್ಲೋ ಗೌಡ.”

“ಅದುಕ್ಕೂ ಅಲ್ಲಿಂದ್ಲೇ ಆರ್ಡರ್ ಬರ್ತದೆ ಬುಡಿ,” ಅಂದ.

ಮೆಕ್ಕಾ

ಗಂಡಸರ ಇಹ್ರಾಮ್ ಅಂದರೆ ಎರಡು ಬಿಳಿ ಬಟ್ಟೆ. ಒಂದು ಸೊಂಟಕ್ಕೆ, ಒಂದು ಹೆಗಲಿಗೆ. ಸತ್ತಾಗ ಹೊದಿಸುವ ಬಟ್ಟೆಯ ನೆನಪು ಇರಲಿ ಎಂದೇ ಹಾಗೆ. ಜೇಬಿಲ್ಲದೆ ನಲವತ್ತು ವರ್ಷದಲ್ಲಿ ನಾನು ಮನೆಯಿಂದ ಆಚೆ ಕಾಲಿಟ್ಟವನಲ್ಲ. ಒಂದು ಸೊಂಟದ ಚೀಲ ಕಟ್ಟಿಕೊಳ್ಳಲು ಅವಕಾಶ ಇದೆ ಅಂದಾಗ ಜೀವ ಬಂತು. ನನ್ನ ಫೋನು, ಆಪಾಳ ಫೋನು, ಇಬ್ಬರ ಮಾತ್ರೆ ಎಲ್ಲ ಅದರಲ್ಲೇ ಹಾಕಿದೆ. ಹೋಗುವವರಿಗೆ ನನ್ನ ಮೊದಲ ಬುದ್ಧಿಮಾತು: ಹಾಗೆ ಮಾಡಬೇಡಿ. ಅವರವರ ಫೋನು ಅವರವರ ಹತ್ತಿರ ಇರಲಿ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಕಾಬಾದ ಸುತ್ತ ಏಳು ಸುತ್ತು ಹಾಕಬೇಕು. ಕಾಬಾ ಎಡಗಡೆಗೆ ಇರಬೇಕು. ಎಲ್ಲಿಂದ ಸುತ್ತು ಶುರು ಎಂಬುದಕ್ಕೆ ಗೋಡೆಯ ಮೇಲೆ ಹಸಿರು ದೀಪ ಇದೆ. ಏಳು ಎಣಿಸುವುದು ಯಾವ ಮಹಾ ವಿದ್ಯೆ? ಒಂದು ಲೋಡು ಕಾಯನ್ನು ಮಾತಾಡುತ್ತಲೇ ಎಣಿಸಿದವನು ನಾನು. ಆದರೆ ಆ ಕಪ್ಪು ಕಟ್ಟಡ ಕಣ್ಣಿಗೆ ಬಿದ್ದ ಗಳಿಗೆಯಿಂದ ತಲೆ ನನ್ನದಾಗಿ ಉಳಿಯಲಿಲ್ಲ. ಪಕ್ಕದಲ್ಲಿ ಒಬ್ಬ ಅಳುತ್ತಿದ್ದ, ಮುಂದೆ ಒಬ್ಬಳು ಜೋರಾಗಿ ಓದುತ್ತಿದ್ದಳು, ಹಿಂದಿನಿಂದ ಯಾವುದೋ ದೇಶದ ಮುದುಕ ನನ್ನ ಹೆಗಲ ಬಟ್ಟೆ ಹಿಡಿದುಕೊಂಡು ತನ್ನ ಮಗನೆಂದೇ ತಿಳಿದು ಎರಡು ಸುತ್ತು ಬಂದ.

“ಆರಾಯ್ತು,” ಅಂದೆ.

“ಐದು ಕಣೋ,” ಅಂದಳು ಆಪಾ.

“ಆರು. ನಾನು ಎಣಿಸ್ತಾ ಇದೀನಿ.”

“ನೀನು ಆ ಮುದುಕಪ್ಪನ್ನ ಎಣಿಸ್ತಾ ಇದ್ದೆ.”

ಮೌಲ್ವಿ ಸಾಹೇಬರು ಹೇಳಿದ್ದ ನಿಯಮ ನೆನಪಾಯಿತು: ಅನುಮಾನ ಬಂದರೆ ಕಡಿಮೆ ಲೆಕ್ಕ ಹಿಡಿಯಬೇಕು. ಮಂಡಿಯಲ್ಲಿ ಅನುಮಾನ ಬಂದರೆ ನಾನು ಯಾವ ಲೆಕ್ಕ ಹಿಡಿಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಐದೆಂದೇ ಹಿಡಿದು ಇನ್ನೆರಡು ಹಾಕಿದೆವು. ನಾನು ಎಂಟು ಸುತ್ತಿದ್ದೇನೆ ಎಂದು ಇವತ್ತಿಗೂ ನನ್ನ ನಂಬಿಕೆ.

ಆಮೇಲೆ ಸಫಾ ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ಕೂಸು ಇಸ್ಮಾಯಿಲ್‌ಗೆ ನೀರು ಹುಡುಕುತ್ತ ತಾಯಿ ಹಾಜಿರಾ ಓಡಿದ ದಾರಿ ಅದು. ಈಗ ಅದು ಅಮೃತಶಿಲೆ ಹಾಸಿದ, ಏಸಿ ಇರುವ ಉದ್ದನೆಯ ಹಜಾರ. ನಡುವೆ ಒಂದು ಕಡೆ ಗಂಡಸರು ಬಿರುಸಾಗಿ ಹೋಗಬೇಕು, ಹೆಂಗಸರು ನಿಧಾನವಾಗಿ ನಡೆದರೆ ಸಾಕು. ಆಪಾ ಗೋಡೆ ಹಿಡಿದು ನಿಂತು ಕೇಳಿದಳು: “ಓಡಿದ್ದು ಹೆಂಗಸು. ಈಗ ಓಡೋರು ಗಂಡಸರು. ಇದು ಹೆಂಗೋ?” ಕೇಳೋಣವೆಂದರೆ ಮೌಲ್ವಿ ಸಾಹೇಬರು ಓಡುತ್ತಿದ್ದರು.

ಅರಫಾತ್

ಮಿನಾದ ಟೆಂಟುಗಳ ಊರು ತಲುಪಿದ ಮೇಲೆ, ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಪರದೆಯ ಆಚೀಚೆ ಕೂತು ನಾನೂ ಆಪಾಳೂ ಕನ್ನಡಕ್ಕೆ ತಿರುಗಿಕೊಂಡೆವು. ಮನೆಯಲ್ಲಿ ನಮ್ಮದು ಉರ್ದು. ಮಂಡಿಯಲ್ಲಿ ರೈತನ ಎದುರು ದರದ ಗುಟ್ಟು ಮಾತಾಡುವುದೂ ಉರ್ದುವಿನಲ್ಲೇ. ಇಲ್ಲಿ ನೋಡಿದರೆ ನಮ್ಮ ತಂಡದ ಹೆಚ್ಚಿನವರು ಬೇರೆ ಟೆಂಟುಗಳಿಗೆ ಹಂಚಿಹೋಗಿ, ಸುತ್ತ ಹೈದರಾಬಾದಿನವರು, ಲಕ್ನೋದವರು. ಗುಟ್ಟಿಗೆ ಉಳಿದದ್ದು ಕನ್ನಡ ಮಾತ್ರ. ಪಕ್ಕದ ಹಾಸಿಗೆಯವರ ಗೊರಕೆಯಿಂದ ಹಿಡಿದು ಊಟದ ದಾಲ್‌ವರೆಗೆ ಎಲ್ಲವನ್ನೂ ಧೈರ್ಯವಾಗಿ ಬೈದುಕೊಂಡೆವು. ಆ ಮೇಲೆ ನಮ್ಮ ಸಾಲಿನ ಕೊನೆಯಲ್ಲಿ ಮಲಗಿದ್ದ ಹಿರಿಯರೊಬ್ಬರು ಎದ್ದು ಕೂತು, “ದಾಲ್ ಬಗ್ಗೆ ನೀವು ಹೇಳಿದ್ದು ಸರಿ,” ಅಂದರು. ಬಾಣಾವರದ ಕಡೆಯವರೇ, ನಿವೃತ್ತ ಮೇಷ್ಟ್ರು ಯೂಸುಫ್ ಸಾಹೇಬರು. ಎರಡು ದಿನ ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದರು.

ಹಜ್‌ನ ತಿರುಳು ಅರಫಾತ್ ಬಯಲಿನ ಒಂದು ಮಧ್ಯಾಹ್ನ. ಹೊತ್ತು ಮುಳುಗುವ ತನಕ ಅಲ್ಲಿ ನಿಂತು ಕೇಳಿಕೊಳ್ಳಬೇಕು. ಅದು ತಪ್ಪಿದರೆ ಹಜ್ಜೇ ಇಲ್ಲ. ಬಿಸಿಲು ಹೇಗಿತ್ತೆಂದರೆ ಕೊಡೆಯ ಕಡ್ಡಿ ಮುಟ್ಟಲಾಗುತ್ತಿರಲಿಲ್ಲ. ಎಲ್ಲರೂ ಕೈ ಚಾಚಿ ಅಳುತ್ತಿದ್ದರು. ನಾನೂ ಕೈ ಚಾಚಿದೆ. ಹೇಗೆ ಕೇಳಬೇಕು ಎಂಬಲ್ಲಿ ಸಿಕ್ಕಿಹಾಕಿಕೊಂಡೆ. ನನಗೆ ಗೊತ್ತಿರುವುದು ಒಂದೇ ರೀತಿ: ಹೆಚ್ಚಿಗೆ ಕೇಳುವುದು, ಆಮೇಲೆ ಇಳಿಯುವುದು. ಮನಸ್ಸಿನೊಳಗಿನದೂ ಗೊತ್ತಿರುವವನ ಎದುರು ಹಾಗೆ ಕೇಳಲಾದೀತೇ? ಕಡಿಮೆ ಕೇಳಿದರೆ ಅಷ್ಟನ್ನೇ ಕೊಟ್ಟುಬಿಟ್ಟರೆ? ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು.

“ಏನ್ ಕೇಳಿದೆ ಆಪಾ?”

“ನಾಳೆ ಒಂದಿನಕ್ಕೆ ಮೊಳಕಾಲು ಕೊಡು ಅಂತ. ನೀನು?”

“ಇನ್ನೂ ಯೋಚನೆ ಮಾಡ್ತಾ ಇದೀನಿ.”

“ಹೊತ್ತು ಮುಳುಗ್ತಾ ಐತೆ ನೋಡಪ್ಪ,” ಅಂದಳು.

ಅಲ್ಲಿಂದ ಮುಜ್ದಲಿಫಾ ಎಂಬ ಬಯಲಿಗೆ ಬಂದು ಕಲ್ಲು ಆರಿಸಬೇಕು. ಕಡಲೆಕಾಳಿಗಿಂತ ಒಂಚೂರು ದೊಡ್ಡವು. ನಾನು ಅಭ್ಯಾಸಬಲದಿಂದ ಒಂದೊಂದನ್ನೂ ತಿರುಗಿಸಿ ನೋಡಿ, ಒಡಕು ಬಿಸಾಕಿ, ಒಂದೇ ಗಾತ್ರದವನ್ನು ಎತ್ತಿಡುತ್ತಿದ್ದೆ. ಆಪಾ ಎರಡು ಹಿಡಿ ಬಾಚಿಕೊಂಡು ಎದ್ದಾಗಿತ್ತು. “ಶೈತಾನನಿಗೂ ಒಂದನೇ ನಂಬರ್ ಮಾಲೇ ಕೊಡ್ತೀಯೇನೋ?” ಅಂದಳು.

ಜಮರಾತ್

ಕಲ್ಲು ಹೊಡೆಯುವ ಜಾಗಕ್ಕೆ ಜಮರಾತ್ ಅನ್ನುತ್ತಾರೆ. ಮಗನನ್ನು ಬಲಿ ಕೊಡಲು ಹೊರಟ ಇಬ್ರಾಹಿಂ ಪೈಗಂಬರರನ್ನು ಶೈತಾನ ಅಡ್ಡಗಟ್ಟಿ ಮನಸ್ಸು ಕೆಡಿಸಲು ನೋಡಿದ್ದು ಅಲ್ಲಿಯೇ. ಮೂರು ಜಾಗ, ಮೂರು ಗುರುತು. ಹಿಂದೆ ಅವು ಸಣ್ಣ ಕಂಬಗಳು, ಈಗ ಉದ್ದನೆಯ ಗೋಡೆಗಳು. ಮೇಲೆ ಮೇಲೆ ಹಲವು ಅಂತಸ್ತಿನ ಸೇತುವೆ, ಹೋಗುವುದಕ್ಕೆ ಒಂದು ದಾರಿ, ಬರುವುದಕ್ಕೆ ಬೇರೆ. ಮೊದಲ ದಿನ ದೊಡ್ಡ ಗೋಡೆಗೆ ಮಾತ್ರ ಏಳು ಕಲ್ಲು. ಯಾವ ತಂಡ ಯಾವ ಹೊತ್ತಿಗೆ ಹೋಗಬೇಕು ಎಂದು ಗೊತ್ತು ಮಾಡಿರುತ್ತಾರೆ. ನಮ್ಮ ತಂಡದ್ದು ಇಳಿಹೊತ್ತು.

ಇಲ್ಲಿ ನಾನು ನನ್ನ ಬುದ್ಧಿ ಓಡಿಸಿದೆ. ಮಾರುಕಟ್ಟೆಗೆ ಎಲ್ಲರಿಗಿಂತ ಮುಂಚೆ ಹೋದವನಿಗೆ ಒಳ್ಳೆಯ ರಾಶಿ. ಈ ನಿಯಮ ಅರಸೀಕೆರೆಯಲ್ಲಿ ಒಂದು ದಿನವೂ ನನಗೆ ಸುಳ್ಳಾಗಿಲ್ಲ. ಬೆಳಗ್ಗೆ ಎಲ್ಲರೂ ದಣಿದು ಮಲಗಿದ್ದರು, ಮೌಲ್ವಿ ಸಾಹೇಬರೂ ಕಣ್ಣು ಮುಚ್ಚಿದ್ದರು. “ಈಗಲೇ ಹೋಗಿ ಮುಗಿಸಿ ಬರೋಣ ಆಪಾ, ಜನ ಕಡಿಮೆ ಇರ್ತಾರೆ,” ಅಂದೆ.

“ನಮ್ಮ ಹೊತ್ತು ಸಾಯಂಕಾಲ ಅಂದ್ರಲ್ಲೋ.”

“ಅದು ತಿಳೀದೋರಿಗೆ.”

ನನ್ನ ಹಾಗೆ ತಿಳಿದವರು ಎಷ್ಟು ಜನ ಎಂಬುದು ಸೇತುವೆ ಹತ್ತಿದ ಮೇಲೆ ಗೊತ್ತಾಯಿತು. ಎದುರಿಗೆ ಗೋಡೆ. ಅದರ ಮೊದಲ ತುದಿಯಲ್ಲಿ ಜನ ಅಂಟಿಕೊಂಡಿದ್ದರು. ಎಲ್ಲಿ ಜನ ಮುಗಿಬಿದ್ದಿದ್ದಾರೋ ಅಲ್ಲೇ ಮಾಲು ಇದೆ ಎಂದು ನನ್ನ ಕಾಲು ತಾನಾಗಿ ಆ ಕಡೆಗೇ ಹೋಯಿತು. ಇನ್ನು ಐವತ್ತು ಹೆಜ್ಜೆ ಮುಂದೆ ಹೋಗಿದ್ದರೆ ಗೋಡೆಯ ಆ ತುದಿ ಖಾಲಿ, ಸಂತೆ ಮುಗಿದ ಬಯಲಿನ ಹಾಗೆ. ಹೋಗುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ: ಆ ತುದಿಗೆ ಹೋಗಿ.

ನೂಕುನುಗ್ಗಲು ಅಂದರೆ ಯಾರೋ ನೂಕುತ್ತಾರೆ ಎಂದುಕೊಂಡಿದ್ದೆ. ಯಾರೂ ನೂಕಲಿಲ್ಲ. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಕೊನೆಯ ಗಳಿಗೆಗೆ ಪ್ಲಾಟ್‌ಫಾರ್ಮ್ ಬದಲಾಯಿಸಿದಾಗ ಮೆಟ್ಟಿಲ ಮೇಲೆ ಆಗುವ ಜಗ್ಗಾಟದಲ್ಲಿ ಬೈಗುಳ ಇರುತ್ತದೆ, ಮೊಣಕೈ ಇರುತ್ತದೆ, ಬೈದವನ ಮುಖ ಕಾಣುತ್ತದೆ. ಇಲ್ಲಿ ಏನೂ ಇಲ್ಲ. ಗಾಳಿ ಕಡಿಮೆಯಾಯಿತು, ಅಷ್ಟೇ. ಎದೆ ಹಿಗ್ಗಿಸಲು ಜಾಗ ಇಲ್ಲ. ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯದು. ನನ್ನ ಎರಡೂ ಚಪ್ಪಲಿ ಯಾವಾಗ ಹೋದವೋ ಗೊತ್ತಿಲ್ಲ. ಆಪಾಳ ಒಂದು ಚಪ್ಪಲಿ ಕಳಚಿತು, ಅವಳು ಬಗ್ಗಲು ನೋಡಿದಳು. “ಬಗ್ಗಬೇಡ,” ಅಂದೆ. ಬಗ್ಗಿದವರು ಅಲ್ಲಿ ಏಳುವುದಿಲ್ಲ ಎಂದು ಶಿಬಿರದಲ್ಲಿ ಕೇಳಿದ್ದೆ. ನನ್ನ ಬಲಗೈ ಸೊಂಟದ ಚೀಲದ ಮೇಲಿತ್ತು, ಎಡಗೈಯಲ್ಲಿ ಅವಳ ಕೈ. ಆಗ ತೋಳಿಗೆ ತೋಳು ಹೆಣೆದುಕೊಂಡ ಒಂದು ದೇಶದವರ ಸಾಲು ನಮ್ಮಿಬ್ಬರ ನಡುವೆ ಹಾದುಬಂತು. ಕೈ ಜಾರಿತು.

ಟೆಂಟಿನಲ್ಲಿ ಎಲ್ಲರಿಗೂ ನಾನು ಹೇಳಿದ್ದು ಹಾಗೇ: ಕೈ ಜಾರಿತು.

ಆಪಾಳ ಬಿಳಿ ದುಪಟ್ಟಾ ಎಡಕ್ಕೆ ಹೋಯಿತು, ನಾನು ಬಲಕ್ಕೆ. ಕೂಗಿದೆ. ಆಪಾ ಎಂದು ಕೂಗಿದರೆ ನೂರು ಮುದುಕಿಯರು ತಿರುಗಿದರು. ಫೋನ್ ಮಾಡೋಣವೆಂದರೆ ಅವಳ ಫೋನು ನನ್ನ ಚೀಲದಲ್ಲೇ ಗುಂಯ್ ಅಂದಿತು. ಹಿಂದಕ್ಕೆ ತಿರುಗಲು ಹೋದೆ, ಕಾವಲಿನವರು ಬಿಡಲಿಲ್ಲ. ಅವರೊಂದಿಗೆ ವಾದ ಮಾಡಿದೆ, ಇಹ್ರಾಮಿನಲ್ಲಿದ್ದೇನೆ ಎಂಬುದನ್ನೂ ಮರೆತೆ. ಅವರು ಅರಬ್ಬಿಯಲ್ಲಿ ಏನೋ ಹೇಳಿ ನನ್ನ ತಲೆಯ ಮೇಲೆ ನೀರು ಚಿಮುಕಿಸಿದರು. ಹಳೇಬೀಡಿನಲ್ಲಿ ಪ್ರವಾಸಿಗಳು ಗೈಡಿನ ಕೊಡೆ ನೋಡಿಕೊಂಡು ಹಿಂದೆ ಹಿಂದೆ ಹೋಗುವುದನ್ನು ನೋಡಿ ಕುರಿಮಂದೆ ಎಂದು ನಕ್ಕವನು ನಾನು. ಇಲ್ಲಿ ಯಾವ ಕೊಡೆ ಕಂಡರೂ ಹಿಂದೆ ಹೋದೆ. ಬರಿಗಾಲಲ್ಲಿ, ಕಾದ ರಸ್ತೆಯಲ್ಲಿ, ಎರಡು ಗಂಟೆ.

ಸಿಕ್ಕಿದ್ದು ಹೊರಹೋಗುವ ದಾರಿಯ ನೆರಳಿನಲ್ಲಿ. ಬಹಳ ಎತ್ತರದ ಒಬ್ಬ ಆಫ್ರಿಕಾದ ಹೆಂಗಸಿನ ಪಕ್ಕ ಕೂತು ನೀರು ಕುಡಿಯುತ್ತಿದ್ದಳು.

“ಎಲ್ಲಿ ಹೋಗಿದ್ಯೋ? ಈಯಮ್ಮ ತೋಳು ಎರಡೂ ಹಿಂಗೆ ಅಗಲಿಸಿ ನಿಂತ್ಲು ನೋಡು, ಬೇಲಿ ಹಾಕಿದಂಗೆ. ನಾನು ಒಳಗೆ ನಿಂತು ಏಳೂ ಹೊಡೆದೆ. ಏಳೂ ಬಿದ್ವು.”

ನಾನು ಪಕ್ಕದಲ್ಲಿ ಕೂತು ಸುಟ್ಟ ಅಂಗಾಲು ನೋಡಿಕೊಂಡೆ.

“ನಿಂದಾಯ್ತಾ?” ಅಂದಳು.

ನನ್ನ ಕಲ್ಲುಗಳೆಲ್ಲ ಚೀಲದಲ್ಲೇ ಇದ್ದವು. ಒಂದೇ ಗಾತ್ರದವು, ಒಡಕಿಲ್ಲದವು.

“ಇಲ್ಲ.”

ಆಪಾ ಆ ಹೆಂಗಸಿನ ಕಡೆ ತಿರುಗಿ ಕೈಸನ್ನೆಯಲ್ಲಿ ಏನೋ ಹೇಳಿದಳು. ಇಬ್ಬರೂ ನಕ್ಕರು.

ಮತ್ತೆ ಮಿನಾ

ಸಾಯಂಕಾಲ ನಮ್ಮ ತಂಡಕ್ಕೆ ಗೊತ್ತು ಮಾಡಿದ ಹೊತ್ತಿಗೆ, ಯೂಸುಫ್ ಮೇಷ್ಟ್ರ ಚಪ್ಪಲಿ ಹಾಕಿಕೊಂಡು, ನಾನು ಅದೇ ಗೋಡೆಗೆ ಹೋಗಿ ಕಲ್ಲು ಹೊಡೆದು ಬಂದೆ. ಆರಾಮವಾಗಿ, ಒಬ್ಬರಿಗೂ ತಾಗದೆ. ನಮ್ಮ ಹೆಸರಿನ ಕುರಿಯ ಕುರ್ಬಾನಿ ಆಯಿತು ಎಂದು ಸುದ್ದಿ ಬಂತು, ತಲೆ ಬೋಳಿಸಿಕೊಂಡೆ, ಹೊಲಿದ ಬಟ್ಟೆ ತೊಟ್ಟೆ. ಬೆಳಗ್ಗೆ ಎದ್ದರೆ ಎರಡೂ ಅಂಗಾಲು ಬೊಬ್ಬೆ. ಕ್ಯಾಂಪಿನ ಡಾಕ್ಟರು ಪಟ್ಟಿ ಸುತ್ತಿ, ನೆಲಕ್ಕೆ ಕಾಲಿಡಬಾರದು ಅಂದರು.

ಆದರೆ ಆ ದಿನ ಮೂರೂ ಗೋಡೆಗಳಿಗೆ ಏಳೇಳು ಕಲ್ಲು ಹೊಡೆಯಬೇಕು.

ಮೌಲ್ವಿ ಸಾಹೇಬರು ಪಕ್ಕದಲ್ಲಿ ಕೂತು ಹೇಳಿದರು: “ನಿಮ್ಮಂಥವರಿಗೇ ಈ ಅನುಕೂಲ ಇರೋದು. ಯಾರಿಗಾದರೂ ವಹಿಸಿ. ಅವರು ಮೊದಲು ತಮ್ಮದು ಹೊಡೆದು ಆಮೇಲೆ ನಿಮ್ಮದು ಹೊಡೀತಾರೆ.”

ಮೇಷ್ಟ್ರು, “ನಾನು ಹೊಡೀತೀನಿ,” ಅಂದರು. ಪರದೆಯ ಆ ಕಡೆಯಿಂದ ಆಪಾಳ ದನಿ ಬಂತು. “ಮೇಷ್ಟ್ರಿಗೆ ಯಾಕೆ ತೊಂದ್ರೆ. ನಮ್ಮುಡುಗಂದು ನಾನೇ ಹೊಡೀತೀನಿ.”

ನನಗೆ ಅರವತ್ತೊಂದು. ಟೆಂಟಿನ ತುಂಬ ಅವಳ ಮಾತು ಅರ್ಥವಾದವರು ಮೇಷ್ಟ್ರು, ಮೌಲ್ವಿ ಇಬ್ಬರೇ ಆದ್ದರಿಂದ ಮರ್ಯಾದೆ ಉಳಿಯಿತು.

“ಬೇಡ ಆಪಾ. ನಿನ್ನೆ ಒಂದ್ಸಲ ಆಗಿದ್ದು ಸಾಕು.”

“ನಿನ್ನೆ ಆಗಿದ್ದು ನಿನ್ ಜೊತೆ ಬಂದಿದ್ದುಕ್ಕೆ.”

“ಮೊಳಕಾಲು?”

“ಕೊಟ್ಟವನೆ. ಒಂದಿನಕ್ಕೆ ಕೇಳಿದ್ದೆ, ವಾಪಸ್ ಕೇಳಿಲ್ಲ ಇನ್ನೂ.”

ತಂಡದ ಹೆಂಗಸರ ಜೊತೆ ಮಧ್ಯಾಹ್ನದ ಮೇಲೆ ಹೊರಟಳು. ಈ ಸಲ ಅವಳ ಫೋನು ಅವಳ ಕೊರಳಲ್ಲಿ. ನಾನು ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಕಾದೆ. ಜಮರಾತ್ ದಾರಿಯಲ್ಲಿ ತಡೆದಿದ್ದಾರಂತೆ ಎಂದು ಯಾರೋ ಹೇಳಿದರು. ಜನ ಹೆಚ್ಚಾಗಿದೆಯಂತೆ ಎಂದು ಇನ್ನೊಬ್ಬರು. ಅಂಬುಲೆನ್ಸ್ ಹೋಯಿತು ಎಂದು ಮತ್ತೊಬ್ಬರು. ಅದು ದಿನವೂ ಹೋಗುತ್ತದೆ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಫೋನ್ ಹತ್ತಲಿಲ್ಲ. ಹತ್ತಿದಾಗ ಅರಬ್ಬಿಯಲ್ಲಿ ಒಬ್ಬಳು ಏನೋ ಹೇಳಿ ಇಟ್ಟಳು. ಸುದ್ದಿ ನಿಜವೋ ಸುಳ್ಳೋ, ಹೇಳಿದವನ ಮುಖ ನೋಡಿ ತಿಳಿಯುವುದು ನನ್ನ ಕಸುಬು. ಅಲ್ಲಿ ಒಂದು ಮುಖದಲ್ಲೂ ನನಗೆ ಏನೂ ತಿಳಿಯಲಿಲ್ಲ.

ಅರಫಾತ್‌ನಲ್ಲಿ ಮಧ್ಯಾಹ್ನವೆಲ್ಲ ನಿಂತು ಹೇಗೆ ಕೇಳಬೇಕೆಂದು ತಿಳಿಯದಿದ್ದವನು ಆ ಟೆಂಟಿನಲ್ಲಿ ಮಲಗಿಕೊಂಡೇ ಕೇಳಿದೆ. ಹೆಚ್ಚಿಗೆ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ. ಅದು ಪ್ರಾರ್ಥನೆಯ ಸರಿಯಾದ ಜಾಗವೂ ಅಲ್ಲ, ಹೊತ್ತೂ ಅಲ್ಲ. ಲೆಕ್ಕಕ್ಕೆ ಬಂತೋ ಇಲ್ಲವೋ ಗೊತ್ತಿಲ್ಲ.

ನಾಲ್ಕು ಗಂಟೆ ಕಳೆದ ಮೇಲೆ ಪರದೆ ಸರಿಯಿತು. ಆಪಾ ಬಂದು ನನ್ನ ಹಾಸಿಗೆಯ ಅಂಚಿಗೆ ಕೂತು ಮೊಳಕಾಲು ನೀವಿಕೊಂಡಳು.

“ಇಪ್ಪತ್ತೊಂದು ನಂದು, ಇಪ್ಪತ್ತೊಂದು ನಿಂದು. ನಿಂದ್ರಲ್ಲಿ ಒಂದು ಗೋಡೆಗೆ ಬೀಳ್ಲಿಲ್ಲ, ಇನ್ನೊಂದು ಹೊಡೆದೆ. ಆ ತುದಿಗೆ ಹೋಗಿದ್ವಿ. ಖಾಲಿ ಇತ್ತು.”

ದಿಂಬಿನ ಪಕ್ಕದಲ್ಲಿದ್ದ ಸೊಂಟದ ಚೀಲವನ್ನು ಅತ್ತ ಸರಿಸಿದೆ. ಆಮೇಲೆ ಹೇಳಿದೆ. “ಆಪಾ, ನಿನ್ನೆ ಕೈ ಜಾರಲಿಲ್ಲ. ಚೀಲ ಕಿತ್ತು ಹೋಗ್ತಾ ಇತ್ತು. ಎರಡೂ ಕೈಲಿ ಅದನ್ನ ಹಿಡ್ಕೊಂಡೆ.”

ಮೇಷ್ಟ್ರು ಎದ್ದು ನೀರು ತರುತ್ತೇನೆಂದು ಹೊರಗೆ ಹೋದರು.

“ಗೊತ್ತು,” ಅಂದಳು ಆಪಾ. “ಬಿಟ್ಟಿದ್ದು ಒಳ್ಳೇದೇ ಆಯ್ತು. ಹಿಡ್ಕೊಂಡೇ ಇದ್ದಿದ್ರೆ ಆ ಸಾಲು ನಮ್ಮಿಬ್ಬರನ್ನೂ ಕೆಡವ್ತಿತ್ತು.”

ಅದು ನಿಜ ಇರಬಹುದು. ತೋಳು ಹೆಣೆದ ಸಾಲಿಗೆ ಅಡ್ಡ ಸಿಕ್ಕವರು ಬಿದ್ದದ್ದನ್ನು ಅದೇ ದಿನ ಬೇರೆಯವರೂ ಹೇಳಿದ್ದಾರೆ. ಅಥವಾ ತಮ್ಮನೆಂದು ಅವಳೇ ದರ ಇಳಿಸಿಕೊಟ್ಟಿರಬಹುದು. ನಾನು ಅವಳ ಮುಖವನ್ನೇ ನೋಡಿದೆ. ಅವಳು ನನ್ನ ಪಟ್ಟಿ ಬಿಚ್ಚುತ್ತಿದ್ದಳು, ಮುಲಾಮಿನ ಮುಚ್ಚಳ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

“ನಿಜ ಹೇಳ್ತಾ ಇದೀಯಾ ಆಪಾ?”

“ಕಾಲು ಅಲ್ಲಾಡಿಸಬೇಡ,” ಅಂದಳು.